ಬ್ರೇಕಿಗೆ ತೆರಿಗೆ, ಪಾಠಕ್ಕೆ ಶುಲ್ಕ

(ದ್ವಿಚಕ್ರ ವಾಹನ ಸವಾರರ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕಾಗಿ ತಿದ್ದಿದ್ದು.)

ಹೊಸ ಬೈಕು ನೋಂದಣಿ ಮಾಡಿಸುವಾಗ ಇನ್ನಷ್ಟು ಶುಲ್ಕ ತೆಗೆದುಕೊಳ್ಳಿ, ಆ ದುಡ್ಡಿನಲ್ಲಿ ಸವಾರರಿಗೆ ಸುರಕ್ಷತೆಯ ತರಬೇತಿ ಕೊಡಿ ಅನ್ನುವ ಸಲಹೆ ಆಗಾಗ ಬರುತ್ತಲೇ ಇರುತ್ತದೆ. ಅದು ಜಾರಿಗೆ ಬಂದರೆ ಲಾಭ ಯಾರಿಗೆ ಗೊತ್ತಾ? ನನಗೆ. ಗಾಡಿ ಓಡಿಸುವುದನ್ನು ಹೇಳಿಕೊಟ್ಟೇ ನಾನು ಹೊಟ್ಟೆ ಹೊರೆಯುವುದು. ಸರ್ಕಾರವೇ ದುಡ್ಡು ಕೊಟ್ಟು ಶಿಬಿರ ಮಾಡಿಸಿದರೆ ನನಗೆ ವರ್ಷವಿಡೀ ಕೆಲಸ. ಆದರೂ ಇವತ್ತು ಇಲ್ಲಿ ನಿಂತು ಬೇಡ ಅಂತ ಹೇಳುತ್ತಿದ್ದೇನೆ. ತರಬೇತಿ ಬೇಡ ಅನ್ನುತ್ತಿಲ್ಲ. ಅದರ ಖರ್ಚನ್ನು ನೋಂದಣಿ ಕೌಂಟರಿನಲ್ಲಿ ವಸೂಲಿ ಮಾಡಬೇಡಿ ಅನ್ನುತ್ತಿದ್ದೇನೆ.

ಯಾಕೆ ಅಂತ ಕೇಳಿದರೆ, ಮೊದಲು ಶೋರೂಮಿನವರು ಕೊಡುವ ಆ ಒಂದು ಹಾಳೆ ನೋಡಿ. ಕೊಟೇಶನ್. ಇಲ್ಲಿರುವ ಎಲ್ಲರೂ ಒಂದಲ್ಲ ಒಂದು ಸಲ ಅದನ್ನು ಕೈಯಲ್ಲಿ ಹಿಡಿದು ಬೆವರಿದವರೇ. ಮೇಲಿನ ಸಾಲು ಎಕ್ಸ್ ಶೋರೂಮ್ ಬೆಲೆ, ಅದರೊಳಗೇ ಜಿಎಸ್‌ಟಿ ಸೇರಿದೆ. 2025ರ ಸೆಪ್ಟೆಂಬರ್ 22ರ ತನಕ ಅದು ಶೇ 28 ಇತ್ತು, ಈಗ 350 ಸಿಸಿವರೆಗಿನ ಗಾಡಿಗಳಿಗೆ ಶೇ 18. ಅದರ ಕೆಳಗೆ ಆರ್‌ಟಿಒ ಅಂತ ಒಂದು ಸಾಲು. ಅದರ ಕೆಳಗೆ ಇನ್ಶೂರೆನ್ಸ್. ಆಮೇಲೆ ಹೆಲ್ಮೆಟ್, ಸೈಡ್ ಗಾರ್ಡ್, ಸೀಟ್ ಕವರ್ ಇತ್ಯಾದಿ. ಜನ ಚೌಕಾಸಿ ಮಾಡುವುದು ಕೊನೆಯ ಸಾಲುಗಳಲ್ಲಿ. "ಸೀಟ್ ಕವರ್ ಬಿಡಿ ಸಾರ್, ಹೆಲ್ಮೆಟ್ ಮನೇಲಿದೆ." ಆರ್‌ಟಿಒ ಸಾಲಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಅದು ವಿಧಿಲಿಖಿತ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ.

ಆ ಸಾಲನ್ನು ಸ್ವಲ್ಪ ಬಿಡಿಸಿ ನೋಡೋಣ. ನಿಜವಾದ ನೋಂದಣಿ ಶುಲ್ಕ ಅದರಲ್ಲಿ 300 ರೂಪಾಯಿ ಅಷ್ಟೇ. 2016ರ ಡಿಸೆಂಬರಿಗೆ ಮುಂಚೆ ಇದು 60 ರೂಪಾಯಿ ಇತ್ತು. ಉಳಿದದ್ದೆಲ್ಲ ಹೆಚ್ಚುಕಡಿಮೆ ಲೈಫ್ ಟೈಮ್ ಟ್ಯಾಕ್ಸ್. ಕರ್ನಾಟಕದಲ್ಲಿ ಗಾಡಿಯ ಬೆಲೆ 50,000ದ ಒಳಗಿದ್ದರೆ ಶೇ 10, ಅಲ್ಲಿಂದ ಒಂದು ಲಕ್ಷದವರೆಗೆ ಶೇ 12, ಲಕ್ಷ ದಾಟಿತೋ ಶೇ 18. ಆ ತೆರಿಗೆಯ ಮೊತ್ತದ ಮೇಲೆ ಮತ್ತೆ ಶೇ 11 ಸೆಸ್. ಲಕ್ಷ ದಾಟಿದ ಗಾಡಿಗೆ 12 ಇದ್ದದ್ದನ್ನು 18 ಮಾಡಿದ್ದು 2017ರ ಬಜೆಟ್. ಈಗ ಒಂದು ಮಾತು ಕೇಳಿ: ಕಾರುಗಳಲ್ಲಿ ಈ ಶೇ 18 ಯಾವಾಗ ಬರುತ್ತದೆ? ಕಾರಿನ ಬೆಲೆ 20 ಲಕ್ಷ ದಾಟಿದ ಮೇಲೆ! ಐದು ಲಕ್ಷದೊಳಗಿನ ಕಾರಿಗೆ ಶೇ 13. ಅಂದರೆ ಲಕ್ಷದ ಮೇಲೆ ಐದು ಸಾವಿರ ಕೊಟ್ಟು ಬೈಕು ತಗೊಂಡ ಕೊರಿಯರ್ ಹುಡುಗ, ತೆರಿಗೆ ದರದ ಲೆಕ್ಕದಲ್ಲಿ 25 ಲಕ್ಷದ ಕಾರಿನವರ ಪಕ್ಕದಲ್ಲಿ ಕೂತಿದ್ದಾನೆ.

ನನಗೆ ಸಿಟ್ಟು ಬರುವ ಜಾಗ ಇದಲ್ಲ. ತೆರಿಗೆ ಜಾಸ್ತಿ ಅನ್ನುವ ಗೊಣಗಾಟ ಎಲ್ಲರದೂ ಇದ್ದೇ ಇದೆ. ನನಗೆ ಸಿಟ್ಟು ಬರುವುದು ಬ್ರೇಕಿನ ವಿಷಯಕ್ಕೆ.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆಲ್ಲ ಎಬಿಎಸ್ ಇರಲೇಬೇಕು ಅಂತ ಬಂತು. ಅದಕ್ಕಿಂತ ಸಣ್ಣ ಗಾಡಿಗಳಿಗೆ ಸಿಬಿಎಸ್ ಸಾಕು ಅಂತಾಯಿತು. ಸಿಬಿಎಸ್ ಅಂದರೆ ಒಂದು ಬ್ರೇಕ್ ಒತ್ತಿದರೆ ಎರಡು ಚಕ್ರಕ್ಕೂ ಸ್ವಲ್ಪ ಸ್ವಲ್ಪ ಹಿಡಿಯುವ ವ್ಯವಸ್ಥೆ. ಎಬಿಎಸ್ ಅಂದರೆ ಗಾಬರಿಯಲ್ಲಿ ನೀವು ಎಷ್ಟೇ ಜೋರಾಗಿ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು. ಮಳೆಯಲ್ಲಿ, ಮರಳು ಬಿದ್ದ ತಿರುವಿನಲ್ಲಿ ಇದೇ ವ್ಯತ್ಯಾಸ ಜೀವ ಉಳಿಸುತ್ತದೆ. ಸಣ್ಣ ಬೈಕುಗಳಲ್ಲೂ ಈಗ ಕೆಲವು ಮಾದರಿಗಳಿಗೆ ಎಬಿಎಸ್ ಬರುತ್ತದೆ, ಸ್ವಲ್ಪ ಜಾಸ್ತಿ ದುಡ್ಡಿಗೆ.

ಒಂದು ಲೆಕ್ಕ ಹಾಕೋಣ. ಅಂಕಿ ನಾನೇ ಹಾಕಿಕೊಂಡದ್ದು, ದರ ಮಾತ್ರ ಸರ್ಕಾರದ್ದು. ಒಂದೇ ಬೈಕಿನ ಎರಡು ಮಾದರಿ ಇದೆ ಅಂದುಕೊಳ್ಳಿ. ಎಬಿಎಸ್ ಇಲ್ಲದ್ದು 98,000. ಎಬಿಎಸ್ ಇರುವುದು 1,04,000. ಮೊದಲನೆಯದಕ್ಕೆ ಶೇ 12, ಅಂದರೆ 11,760. ಸೆಸ್ ಸೇರಿಸಿದರೆ 13,000 ಚಿಲ್ಲರೆ. ಎರಡನೆಯದು ಲಕ್ಷ ದಾಟಿತು, ಶೇ 18, ಅಂದರೆ 18,720. ಸೆಸ್ ಸೇರಿ 20,700 ಚಿಲ್ಲರೆ. ವ್ಯತ್ಯಾಸ ಎಷ್ಟಾಯಿತು? 7,700 ರೂಪಾಯಿ! ಒಳ್ಳೆಯ ಬ್ರೇಕಿಗೆ ಕಂಪನಿಗೆ ಕೊಟ್ಟದ್ದು 6,000, ಒಳ್ಳೆಯ ಬ್ರೇಕು ತಗೊಂಡಿದ್ದಕ್ಕೆ ಸರ್ಕಾರಕ್ಕೆ ಕೊಟ್ಟದ್ದು 7,700. ಯಾವ ಮಧ್ಯಮ ವರ್ಗದ ಅಪ್ಪ ಈ ಹಾಳೆ ನೋಡಿ ಮಗನಿಗೆ ಎಬಿಎಸ್ ಕೊಡಿಸುತ್ತಾನೆ ಹೇಳಿ? "ಸುಮ್ನೆ ಯಾಕೋ, ಇದೇ ಸಾಕು" ಅಂತಾನೆ. ನಾನಾದರೂ ಹಾಗೇ ಅಂತಿದ್ದೆನೇನೋ.

ಸುರಕ್ಷತೆಗೆ ಹೀಗೆ ತೆರಿಗೆ ಹಾಕುವ ಅದೇ ಕೌಂಟರಿನಲ್ಲಿ, ಸುರಕ್ಷತೆ ಹೇಳಿಕೊಡುತ್ತೇವೆ, ಇನ್ನೈನೂರು ಕೊಡಿ ಅಂದರೆ ನಗಬೇಕೋ ಅಳಬೇಕೋ. ಮೊದಲು ಆ ಲಕ್ಷದ ಗೆರೆ ಸರಿಸಲಿ. ಎಬಿಎಸ್‌ನ ಬೆಲೆಯನ್ನು ತೆರಿಗೆ ಲೆಕ್ಕದಿಂದ ಬಿಡಲಿ. ಒಂದು ಶಿಬಿರವೂ ಇಲ್ಲದೆ ಒಂದಷ್ಟು ಜನ ಒಳ್ಳೆಯ ಬ್ರೇಕಿರುವ ಗಾಡಿ ತಗೊಳ್ಳುತ್ತಾರೆ.

ಈಗ ಸ್ವಲ್ಪ ದಾರಿ ತಪ್ಪುತ್ತೇನೆ, ತಡೆದುಕೊಳ್ಳಿ. ಉಡುಪಿಯ ಶೀರೂರು ಮಠ ಗೊತ್ತಲ್ಲ, ಅಷ್ಟಮಠಗಳಲ್ಲಿ ಒಂದು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಮದ್ರಾಸ್ ಸರ್ಕಾರ 1951ರಲ್ಲಿ ಒಂದು ಕಾಯಿದೆ ಮಾಡಿ, ಮಠ ದೇವಸ್ಥಾನಗಳ ಆದಾಯದಲ್ಲಿ ಶೇ 5ರವರೆಗೆ ಇಲಾಖೆಗೆ ಕೊಡಬೇಕು ಅಂದಿತು. ನಾವು ನಿಮ್ಮ ಆಡಳಿತ ನೋಡಿಕೊಳ್ಳುತ್ತೇವೆ, ಅದಕ್ಕೆ ಶುಲ್ಕ ಅಂತ. ಶೀರೂರು ಮಠದ ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಈ ದುಡ್ಡು ಬೇರೆ ಲೆಕ್ಕದಲ್ಲಿಲ್ಲ, ಸರ್ಕಾರದ ಖಜಾನೆಗೇ ಹೋಗಿ ಬೆರೆಯುತ್ತಿದೆ, ಕೊಟ್ಟವರಿಗೆ ಮಾಡಿದ ಸೇವೆಗೂ ಇದಕ್ಕೂ ನೇರ ಸಂಬಂಧ ಕಾಣುವುದಿಲ್ಲ, ಆದ್ದರಿಂದ ಇದು ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ ಆ ಕಲಮನ್ನು ಹೊಡೆದುಹಾಕಿತು. ಆಮೇಲಿನ ತೀರ್ಪುಗಳು ಇದನ್ನು ಬಹಳ ಸಡಿಲ ಮಾಡಿವೆ, ಕೊಟ್ಟಷ್ಟಕ್ಕೇ ತೂಗಿ ಸೇವೆ ಕೊಡಬೇಕು ಅಂತೇನೂ ಈಗಿಲ್ಲ. ಆದರೂ ಶುಲ್ಕ ಅಂತ ಯಾರಾದರೂ ಕೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಉಡುಪಿಯ ಆ ಮಠ ಕೇಳಿದ್ದೇ: ದುಡ್ಡು ಯಾವ ಡಬ್ಬಿಗೆ ಹೋಗುತ್ತದೆ? ಅದರ ಬೀಗದ ಕೈ ಯಾರ ಹತ್ತಿರ?

ಬೇರೆ ಡಬ್ಬಿ ಮಾಡಿದರೆ ಮುಗಿಯಿತಾ? ಅದೂ ಇಲ್ಲ. ಅದಕ್ಕೆ ಅಮೆರಿಕದ ಕಥೆ ಹೇಳಬೇಕು. ಅಲ್ಲಿ ಬೈಕು ಓಡಿಸುವವರು ಅಲ್ಪಸಂಖ್ಯಾತರು, ಒಟ್ಟು ವಾಹನಗಳಲ್ಲಿ ನೂರಕ್ಕೆ ಮೂರರ ಆಸುಪಾಸು. ಹಾಗಾಗಿ ನಮ್ಮ ತರಬೇತಿಗೆ ನಾವೇ ದುಡ್ಡು ಹಾಕುತ್ತೇವೆ ಅಂತ ಅವರು ಎಷ್ಟೋ ರಾಜ್ಯಗಳಲ್ಲಿ ಒಪ್ಪಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಶುಲ್ಕದಲ್ಲಿ 2 ಡಾಲರ್ ಇದಕ್ಕೆ ಅಂತ ತೆಗೆದಿಟ್ಟರು. ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಶುಲ್ಕದ ಒಂದು ಪಾಲಿನಿಂದ ರಾಜ್ಯದ ಜನಕ್ಕೆ ತರಬೇತಿ ಪುಕ್ಕಟೆ. ಇವು ಒಳ್ಳೆಯ ಕಾರ್ಯಕ್ರಮಗಳು, ಇಲ್ಲ ಅನ್ನಲ್ಲ.

ಇಲಿನಾಯ್ ರಾಜ್ಯದಲ್ಲೂ ಹಾಗೇ ಇತ್ತು. ಬೈಕು ನೋಂದಣಿಯ ಶುಲ್ಕದಿಂದ ಒಂದು ಪಾಲು ಸವಾರರ ತರಬೇತಿ ನಿಧಿಗೆ. ವಿಶ್ವವಿದ್ಯಾಲಯಗಳು ತರಗತಿ ನಡೆಸುತ್ತಿದ್ದವು. ಕಲಿಯುವವರು 20 ಡಾಲರ್ ಠೇವಣಿ ಇಟ್ಟರೆ ಸಾಕು, ತರಗತಿ ಮುಗಿಸಿದರೆ ಅದೂ ವಾಪಸ್. ಚೆಂದ ಅಲ್ವಾ? ಆಮೇಲೆ ರಾಜ್ಯದ ಬೊಕ್ಕಸಕ್ಕೆ ಕಷ್ಟ ಬಂತು. ಎಲ್ಲೆಲ್ಲಿ ಸಣ್ಣ ಸಣ್ಣ ನಿಧಿಗಳಿವೆಯೋ ಅಲ್ಲಿಂದೆಲ್ಲ ದುಡ್ಡು ಎತ್ತಿ ಸಾಮಾನ್ಯ ಖಾತೆಗೆ ಹಾಕಿಕೊಳ್ಳಲು ಶುರು ಮಾಡಿದರು. ಸವಾರರ ನಿಧಿಗೂ ಕೈ ಹಾಕಿದರು. ಅಬೇಟ್ ಅನ್ನುವ ಅಲ್ಲಿನ ಬೈಕ್ ಸವಾರರ ಸಂಘಟನೆ ಕೋರ್ಟಿಗೆ ಹೋಯಿತು. ಇದು ನಾವು ಒಂದು ಉದ್ದೇಶಕ್ಕೆ ಕೊಟ್ಟ ದುಡ್ಡು, ನಿಮ್ಮ ಸಾಲ ತೀರಿಸಲು ಕೊಟ್ಟದ್ದಲ್ಲ ಅಂತ ವಾದ. 2011ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸವಾರರು ಸೋತರು. ಇದು ಶಾಸನಸಭೆ ಮಾಡಿದ ನಿಧಿ, ಇದರಲ್ಲಿರುವುದು ಸಾರ್ವಜನಿಕ ಹಣ, ಶಾಸನಸಭೆ ಬೇಕೆಂದರೆ ತೆಗೆಯಬಹುದು ಅಂತ.

ತಾವೇ ಮುಂದೆ ಬಂದು ಶುಲ್ಕ ಒಪ್ಪಿಕೊಂಡವರ ಗತಿ ಇದು. ಈ ಭಯ ಅಲ್ಲಿ ಎಷ್ಟು ಸಾಮಾನ್ಯ ಅಂದರೆ, 2005ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬೈಕ್ ಸುರಕ್ಷತೆಗೆ ರಾಜ್ಯಗಳಿಗೆ ಅನುದಾನ ಕೊಡುವ ಕಾಯಿದೆ ಮಾಡಿದಾಗ, ಸವಾರರಿಂದ ತಗೊಂಡ ಶುಲ್ಕ ಸವಾರರ ಕಾರ್ಯಕ್ರಮಕ್ಕೇ ಖರ್ಚಾಗುತ್ತಿದೆಯಾ ಅನ್ನುವುದನ್ನೂ ಅರ್ಹತೆಯ ಒಂದು ಅಂಶವಾಗಿ ಸೇರಿಸಿತು.

ನಮ್ಮ ಪಕ್ಕದಲ್ಲೇ ಕೇರಳ ಇದೆ. 2007ರಲ್ಲೇ ರಸ್ತೆ ಸುರಕ್ಷತಾ ಪ್ರಾಧಿಕಾರ ಮಾಡಿದರು, ಹೊಸ ಗಾಡಿಗೆ ಒಂದು ಸಲದ ಸೆಸ್ ಹಾಕಿದರು. ಬೈಕಿಗೆ 50 ರೂಪಾಯಿ. 2023ರ ಬಜೆಟ್‌ನಲ್ಲಿ ಅದು 100 ಆಯಿತು. ಅದೇ ಬಜೆಟ್‌ನಲ್ಲಿ ಎರಡು ಲಕ್ಷದೊಳಗಿನ ಬೈಕುಗಳ ತೆರಿಗೆಯೂ ಶೇ 2 ಏರಿತು. ನಮ್ಮಲ್ಲಿ 2024ರ ಡಿಸೆಂಬರಿನಲ್ಲಿ ಬಂದ ಮಸೂದೆ ಬೈಕಿಗೆ 500, ಕಾರಿಗೆ 1,000 ಅಂತ ಹೇಳಿತು, ಅದು ಸಾರಿಗೆ ಕಾರ್ಮಿಕರ ಕ್ಷೇಮಕ್ಕೆ. ಒಳ್ಳೆಯ ಉದ್ದೇಶವೇ. ಆದರೆ ಗಮನಿಸಿ, ಪ್ರತಿ ಒಳ್ಳೆಯ ಉದ್ದೇಶಕ್ಕೂ ಕೈ ಚಾಚುವ ಜಾಗ ಅದೇ ಕೌಂಟರು. ಯಾಕೆಂದರೆ ಅಲ್ಲಿ ನಿಂತವನು ಓಡಿಹೋಗುವುದಿಲ್ಲ. ಗಾಡಿ ಬೇಕು, ನಂಬರ್ ಬೇಕು, ಕೊಟ್ಟೇ ಕೊಡುತ್ತಾನೆ.

ಇನ್ನು ತರಬೇತಿಯ ವಿಷಯಕ್ಕೆ ಬರುತ್ತೇನೆ. ನನ್ನ ಕಸುಬಿನ ಬಗ್ಗೆ ನಾನೇ ಹೇಳಬೇಕು. ಮೈದಾನಕ್ಕೆ ಬರುವವರಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರೂ ಇರುತ್ತಾರೆ. ಅವರಿಗೆ ನಾನು ಮೊದಲು ಮಾಡಿಸುವುದು ಒಂದೇ ಕೆಲಸ. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆಯುತ್ತೇನೆ. 40ರಲ್ಲಿ ಬನ್ನಿ, ಗೆರೆ ದಾಟುವಾಗ ಬ್ರೇಕ್ ಹಿಡಿಯಿರಿ, ಎಲ್ಲಿ ನಿಲ್ಲುತ್ತೀರೋ ಅಲ್ಲಿ ಕಲ್ಲಿಡೋಣ. ಮುಕ್ಕಾಲು ಜನ ಹಿಂದಿನ ಬ್ರೇಕನ್ನು ಮಾತ್ರ ತುಳಿಯುತ್ತಾರೆ. ಹಿಂದಿನ ಚಕ್ರ ಮಣ್ಣಿನಲ್ಲಿ ಬರ್‍ರ್ ಅಂತ ಜಾರಿಕೊಂಡು ಹೋಗುತ್ತದೆ, ಗಾಡಿ ಓರೆಯಾಗುತ್ತದೆ, ನಿಲ್ಲುವುದಿಲ್ಲ. "ಮುಂದಿನದು ಯಾಕೆ ಹಿಡೀಲಿಲ್ಲ?" ಅಂದರೆ ಒಂದೇ ಉತ್ತರ: "ಪಲ್ಟಿ ಹೊಡೆಯುತ್ತೆ ಅಂತ ಅಣ್ಣ ಹೇಳಿದ್ದ." ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿ ಇರುವುದು ಮುಂದಿನ ಬ್ರೇಕಿನಲ್ಲೇ. ಗಬಕ್ಕನೆ ಹಿಡಿಯಬಾರದು ಅಷ್ಟೇ, ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ. ಎರಡು ಬ್ರೇಕೂ ಸೇರಿಸಿ ಹಿಡಿಯುವುದು ಕೈಗೆ ಕೂತ ಮೇಲೆ ಕಲ್ಲು ಎಷ್ಟೋ ಹಿಂದಕ್ಕೆ ಬರುತ್ತದೆ. ಇದನ್ನು ಹೇಳಿಕೊಡಲು ಒಂದು ಬೆಳಗಿನ ಹೊತ್ತು ಸಾಕು.

ಹೀಗಿದ್ದರೂ, ತರಬೇತಿಯಿಂದ ಅಪಘಾತ ಇಷ್ಟು ಕಡಿಮೆ ಆಗುತ್ತದೆ ಅಂತ ನಾನು ಎದೆ ತಟ್ಟಿ ಹೇಳಲಾರೆ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಅನ್ನುವ ಸಂಸ್ಥೆ ಇದೆ. ಅವರು 2010ರಲ್ಲಿ ಸವಾರರ ತರಬೇತಿಯ ಮೇಲಿನ 23 ಅಧ್ಯಯನಗಳನ್ನು ನೋಡಿದರು. ಅಧ್ಯಯನಗಳ ಗುಣಮಟ್ಟವೇ ಸಾಲದು, ಯಾವ ತರಬೇತಿ ಅಪಘಾತ ತಗ್ಗಿಸುತ್ತದೆ ಅಂತ ಹೇಳಲು ಆಗುವುದಿಲ್ಲ ಅಂದರು. ಅದೇ ಸಂಸ್ಥೆ ಹೆಲ್ಮೆಟ್ ಬಗ್ಗೆ 2008ರಲ್ಲಿ ಹೇಳಿದ್ದು ಬೇರೆಯೇ. ಹೆಲ್ಮೆಟ್ ಹಾಕಿದರೆ ಅಪಘಾತದಲ್ಲಿ ಸಾಯುವ ಸಂಭವ ಶೇ 42 ಕಡಿಮೆ, ತಲೆಗೆ ಪೆಟ್ಟಾಗುವ ಸಂಭವ ಶೇ 69 ಕಡಿಮೆ. ಇಲ್ಲಿ ಅನುಮಾನಕ್ಕೆ ಜಾಗವಿಲ್ಲ.

ನಮ್ಮ ದೇಶದ ಲೆಕ್ಕ ನೋಡಿ. ಕೇಂದ್ರದ ಸಾರಿಗೆ ಸಚಿವಾಲಯದ ಪ್ರಕಾರ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ 74,897 ಜನ ದ್ವಿಚಕ್ರ ವಾಹನದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ 14,000ಕ್ಕೂ ಜಾಸ್ತಿ ಜನ ಹಿಂದೆ ಕೂತವರು. ಹಿಂದೆ ಕೂತವರಿಗೆ ಯಾವ ಶಿಬಿರದಲ್ಲಿ ಏನು ಪಾಠ ಹೇಳುತ್ತೀರಿ? ಅವರ ತಲೆಗೆ ಬೇಕಾಗಿರುವುದು ಹೆಲ್ಮೆಟ್. ಆ ಹೆಲ್ಮೆಟ್ ಮೇಲೆ ಶೇ 18 ಜಿಎಸ್‌ಟಿ ಇದೆ. ಬ್ರೇಕಿನ ಕಥೆಯೇ ಇಲ್ಲೂ.

ಇನ್ನೊಂದು ವಿಷಯ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 138ನೇ ನಿಯಮ ಓದಿ. ದ್ವಿಚಕ್ರ ವಾಹನ ಕೊಳ್ಳುವ ಹೊತ್ತಿನಲ್ಲೇ ಬಿಐಎಸ್ ಗುಣಮಟ್ಟದ ಹೆಲ್ಮೆಟನ್ನು ತಯಾರಕರು ಒದಗಿಸಬೇಕು ಅಂತ ಅದರಲ್ಲಿದೆ. ಈಗ ಕೊಟೇಶನ್ ಹಾಳೆಯನ್ನು ನೆನಪಿಸಿಕೊಳ್ಳಿ. "ಹೆಲ್ಮೆಟ್ ಮನೇಲಿದೆ, ಬಿಡಿ" ಅಂತ ನಾವು ಹೊಡೆದುಹಾಕಿಸಿದ ಸಾಲು ಅದೇ. ಇದ್ದ ನಿಯಮ ನಡೆಸಲು ಯಾವ ಹೊಸ ಶುಲ್ಕವೂ ಬೇಡ. ಹೆಲ್ಮೆಟ್ ಕೊಟ್ಟಿದ್ದೀರಾ ಅಂತ ನೋಂದಣಿಯ ವೇಳೆ ಒಂದು ಸಾಲು ಕೇಳಿದರೆ ಆಯಿತು.

ದುಡ್ಡಂತೂ ಬೇಕಲ್ಲ ಅನ್ನುತ್ತೀರಿ. ದುಡ್ಡಿದೆ. ರಸ್ತೆ ಸುರಕ್ಷತೆಯ ಬಗ್ಗೆ 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆಲ್ಲ ಒಂದಷ್ಟು ನಿರ್ದೇಶನ ಕೊಟ್ಟಿತು. ಅದರಲ್ಲಿ ಒಂದು, ದಂಡದ ದುಡ್ಡಿನಲ್ಲಿ ಒಂದು ಪಾಲು ಹಾಕಿ ರಸ್ತೆ ಸುರಕ್ಷತಾ ನಿಧಿ ಮಾಡಿ ಅಂತ. ಗಮನಿಸಿ, ದಂಡದ ದುಡ್ಡು. ಸಿಗ್ನಲ್ ಹಾರಿಸಿದವನು, ಒನ್ ವೇಯಲ್ಲಿ ಎದುರು ಬಂದವನು ಕೊಡುವ ದುಡ್ಡು. ಹೊಸ ಗಾಡಿ ತಗೊಂಡು ಪೂಜೆ ಮಾಡಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೊರಟವನದ್ದಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಹತ್ತು ದಿನದೊಳಗೆ 100 ಕೋಟಿಗೂ ಜಾಸ್ತಿ ಬಂತು. ಸರತಿ ಸಾಲಿನಲ್ಲಿ ನಿಂತು ಜನ ಕಟ್ಟಿದರು, ನೆನಪಿದೆಯಾ? ಪೆಟ್ರೋಲಿನದೂ ಇದೆ. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. ಲೀಟರಿಗೆ 3 ರೂಪಾಯಿ. ದಿನಾ ಅರ್ಧ ಲೀಟರ್ ಸುಡುವ ಡೆಲಿವರಿ ಹುಡುಗ ವರ್ಷಕ್ಕೆ ಐನೂರರ ಮೇಲೆ ಆ ಏರಿಕೆಯೊಂದಕ್ಕೇ ಕೊಡುತ್ತಿದ್ದಾನೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಲಕ್ಷ ಕೊಟ್ಟು ಗಾಡಿ ತಗೊಳ್ಳೋನಿಗೆ ಐನೂರು ಏನು ಸಾರ್ ಲೆಕ್ಕ?" ಸರಿಯಾದ ಪ್ರಶ್ನೆ. ಐನೂರು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಆ ಐನೂರು ಕೊಟ್ಟವನಿಗೆ ಒಂದು ಭ್ರಮೆಯೂ ಜೊತೆಗೆ ಸಿಗುತ್ತದೆ, ಸರ್ಕಾರಕ್ಕೂ ಸಿಗುತ್ತದೆ: ಸುರಕ್ಷತೆಯ ಕೆಲಸ ಆಯಿತು ಅಂತ. ಹಳೇ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡ, ಲೈಸೆನ್ಸೇ ಇಲ್ಲದ ಹದಿನೇಳರ ಹುಡುಗ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹೊಸ ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಶುಲ್ಕ ಕಟ್ಟಿದ್ದು ಒಬ್ಬ, ಬೀಳುವವನು ಇನ್ನೊಬ್ಬ. ನಮ್ಮ ದೇಶದಲ್ಲಿ ನೋಂದಣಿಯಾದ ವಾಹನಗಳಲ್ಲಿ ನಾಲ್ಕಕ್ಕೆ ಮೂರು ದ್ವಿಚಕ್ರದವು. ಹಾಗಿದ್ದಮೇಲೆ ಇದು ಒಂದು ಗುಂಪಿನ ಹವ್ಯಾಸಕ್ಕೆ ಆ ಗುಂಪೇ ದುಡ್ಡು ಹಾಕುವ ವಿಷಯವಲ್ಲ. ಬಸ್ಸಿಲ್ಲದ ಊರಿನವರು, ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವರು, ಶಾಲೆಗೆ ಮಕ್ಕಳನ್ನು ಬಿಡುವ ಅಮ್ಮಂದಿರು, ಎಲ್ಲರದೂ ಸೇರಿ ಇದು ನಾಡಿನ ಆರೋಗ್ಯದ ವಿಷಯ. ಪೋಲಿಯೊ ಹನಿಗೆ ಮಗು ಹುಟ್ಟಿದ ಮನೆಯಿಂದ ಶುಲ್ಕ ಕೇಳಿದ್ದೇವಾ?

ಇನ್ನೊಬ್ಬರು ಕೇಳಿದ್ದು: "ಹಾಗಾದ್ರೆ ನಿಮ್ಮ ಆ ಸುಣ್ಣದ ಗೆರೆ ಪಾಠ ಎಲ್ಲರಿಗೂ ಸಿಗೋದು ಹೇಗೆ?" ಅದಕ್ಕೆ ಜಾಗ ಈಗಲೇ ಇದೆ. ಲೈಸೆನ್ಸ್ ಟೆಸ್ಟಿಗೆ 300 ರೂಪಾಯಿ ಕಟ್ಟುತ್ತೀರಲ್ಲ, ಆ ಟೆಸ್ಟಿನಲ್ಲಿ ಏನೇನು ನೋಡಬೇಕು ಅಂತ ಕೇಂದ್ರದ 15ನೇ ನಿಯಮದಲ್ಲಿ ಪಟ್ಟಿ ಇದೆ. ತುರ್ತಾಗಿ ಗಾಡಿ ನಿಲ್ಲಿಸುವುದೂ ಆ ಪಟ್ಟಿಯಲ್ಲಿದೆ. ಆದರೆ ನಮ್ಮಲ್ಲಿ ಬೈಕಿನ ಟೆಸ್ಟ್ ಅಂದರೆ ಏನು? ಕಾಲು ಕೆಳಗಿಡದೆ 8 ಹಾಕಿದರೆ ಪಾಸ್. ನಿಧಾನಕ್ಕೆ, ಫಸ್ಟ್ ಗೇರಿನಲ್ಲಿ, ಮುಂದಿನ ಬ್ರೇಕು ಮುಟ್ಟದೆಯೇ ಹಾಕಬಹುದು. ಅದೇ ಟ್ರ್ಯಾಕಿನ ಕೊನೆಗೆ ಒಂದು ಗೆರೆ ಎಳೆಯಲಿ. 40ರಲ್ಲಿ ಬಂದು ಎರಡೂ ಬ್ರೇಕ್ ಹಿಡಿದು ನೇರವಾಗಿ ನಿಲ್ಲಿಸಿದವನಿಗೆ ಮಾತ್ರ ಲೈಸೆನ್ಸ್ ಕೊಡಲಿ. ಟೆಸ್ಟಿನಲ್ಲಿ ಇದೆ ಅಂದಮೇಲೆ ಡ್ರೈವಿಂಗ್ ಸ್ಕೂಲಿನವರು ತಾವಾಗಿಯೇ ಕಲಿಸುತ್ತಾರೆ, ಅಣ್ಣಂದಿರೂ "ಪಲ್ಟಿ ಹೊಡೆಯುತ್ತೆ" ಅನ್ನುವುದನ್ನು ಬಿಡುತ್ತಾರೆ. ನನ್ನಂಥವರ ಶಿಬಿರಕ್ಕೆ ಜನ ಕಡಿಮೆಯಾಗಬಹುದು. ಆಗಲಿ ಬಿಡಿ. ಸಾರಿಗೆ ಇಲಾಖೆಗೆ ಕೊಡುವ ಮನವಿಯಲ್ಲಿ ಈ ಗೆರೆಯ ವಿಷಯ, ಲಕ್ಷದ ಮೇಲಿನ ಶೇ 18ರ ವಿಷಯ, 138ನೇ ನಿಯಮದ ಹೆಲ್ಮೆಟ್ ವಿಷಯ, ಮೂರನ್ನೂ ಬರೆದಿದ್ದೇವೆ. ನಿಮ್ಮ ನಿಮ್ಮ ಗಾಡಿಯ ಬಿಲ್ ಮತ್ತು ತೆರಿಗೆ ರಸೀದಿಯ ಜೆರಾಕ್ಸ್ ಇದ್ದರೆ ಕೊಡಿ, ಮನವಿಗೆ ಲಗತ್ತಿಸುತ್ತೇವೆ. ಹೆಲ್ಮೆಟ್ ಸಾಲು ಕಾಣುವ ಹಾಗಿರಲಿ.